ಗೋಡೆಗೆ ನಿಂತ ಕೌದಿ

“ಕೌದಿ ನೆಲದ ಮ್ಯಾಲ ಹಾಸತಾರ. ಗ್ವಾಡಿಗೆ ಯಾರ ಹಾಸತಾರಪಾ?” ಎಂದು ನೂರಜಹಾನ ಮಗನನ್ನು ಕೇಳಿದಳು.

ಜಾಕೀರ ತಲೆ ಎತ್ತಲಿಲ್ಲ. ತಾನು ದುಡಿಯುವ ಲಕಮನಹಳ್ಳಿಯ ಕಾರ್ಖಾನೆಗೆ ಹೊಸ ಮಶೀನು ಬಂದಾಗ ಅದರ ಸುತ್ತ ಇಟ್ಟಿದ್ದ ಥರ್ಮಾಕೋಲ್ ಹಾಳೆಗಳಲ್ಲಿ ಎರಡನ್ನು, ಕಸಕ್ಕೆ ಹೋಗುವ ಮುಂಚೆ ಕೇಳಿ ತಂದಿದ್ದ. ಹಿಂಬದಿಗೆ ರಟ್ಟು ಅಂಟಿಸಿದ. ಎರಡನ್ನೂ ಅಗಲವಾದ ಟೇಪು ಹಚ್ಚಿ, ಪುಸ್ತಕದಂತೆ ಮಡಚಲು ಬರುವ ಹಾಗೆ ಜೋಡಿಸಿದ. ಮೇಲೆ ಹಳೆಯ ಉಣ್ಣೆಯ ಚಾದರವೊಂದನ್ನು ಬಿಗಿಯಾಗಿ ಎಳೆದು ಹಿಂದೆ ಪಿನ್ನು ಚುಚ್ಚಿದ. ಟೇಪು, ಪಿನ್ನು, ಗೋಂದು ಬಿಟ್ಟರೆ ಕೊಂಡು ತಂದದ್ದು ಏನೂ ಇರಲಿಲ್ಲ. ಆಮೇಲೆ ಬಟ್ಟೆಯ ತುಂಡೊಂದನ್ನು ಅದರ ಮೇಲಿಟ್ಟು ಅಂಗೈಯಿಂದ ಸವರಿ ಕೈ ತೆಗೆದ. ತುಂಡು ಬೀಳಲಿಲ್ಲ.

“ನೋಡಮ್ಮಾ, ಹೆಂಗ ಹಿಡಕೊಂತು. ಕುರ್ಚಿ ಮ್ಯಾಲ ಕುಂತು ಜೋಡಸು. ಸಾಕಾದ ಮ್ಯಾಲ ಮಡಚಿ ಕಪಾಟಿನ ಹಿಂದ ಇಡೂಣು.”

ನೂರಜಹಾನ ಒಪ್ಪಿಕೊಳ್ಳಲೇಬೇಕಾಯಿತು. ಮೊಣಕಾಲು ಹೋಗಿ ವರ್ಷವಾಗಿತ್ತು. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು, ನಿಲ್ಲುವುದೂ ಅಷ್ಟಕ್ಕಷ್ಟೇ. ಈ ಬೋರ್ಡು ಬರದಿದ್ದರೆ ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವ ಅವಳ ಕಾಲ ಮುಗಿದಂತೆಯೇ ಇತ್ತು.

ಸೊಸೆ ಶಾಹೀನಳಿಗೆ ಏಳು ತಿಂಗಳು. ಚೊಚ್ಚಲ ಕೂಸಿನ ಕೌದಿ ತವರಿನಿಂದ ಬರಬೇಕು. ಆದರೆ ಅದನ್ನು ಹೊಲಿಯಬೇಕಾಗಿದ್ದ ಅವಳ ತಾಯಿ ತಮ್ಮೂರು ಸುಳ್ಳದಲ್ಲಿ ಹೋದ ವರ್ಷ ತೀರಿಕೊಂಡಿದ್ದಳು. ಅಪ್ಪ ಗುಲಾಬಸಾಬ ಹೆಂಡತಿಯ ಹಸಿರು ಇಳಕಲ್ ಸೀರೆಯನ್ನು ಕೈಚೀಲದಲ್ಲಿಟ್ಟು ಬೀಗರ ಮನೆಗೆ ಕಳಿಸಿದ್ದ. ಕೂಸು ಮಲಗುವ ಕೌದಿಯಲ್ಲಿ ಅವ್ವ ಇರಬೇಕು, ಮರ್ಯಾದೆಯಿಂದ ಇರಬೇಕು. ಶಾಹೀನಳಿಗೆ ಬೇಕಾಗಿದ್ದದ್ದು ಇಷ್ಟೇ. ಹೇಳದೆ ಇದ್ದರೂ ತಿಳಿಯುತ್ತದೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ದವಾಖಾನೆಗೆ ಹೋಗಿ ಬಂದವಳು ಬೋರ್ಡು ನೋಡಿ ಬಾಗಿಲಲ್ಲೇ ನಿಂತಳು. ಮೇಲಿನ ಎರಡು ಸಾಲು ತುಂಬ ತೀರಿಹೋದ ಮಾವ ಮಕ್ತುಮಸಾಬನ ಅಂಗಿಗಳ ತುಂಡು. ನಡುವೆ ಏನೇನೋ ಬಣ್ಣ. ಎಲ್ಲಕ್ಕಿಂತ ಕೆಳಗೆ, ಬೋರ್ಡಿನ ಅಂಚಿಗೆ ತಾಗುವಂತೆ, ಅವ್ವನ ಹಸಿರು ಸೀರೆ. ನೆಲದ ಮೇಲೆ ಹಾಸಿದ ಕೌದಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಮಲಗಿದವರು ಯಾವ ಕಡೆ ತಲೆ ಇಟ್ಟರೆ ಅದೇ ತಲೆ. ಎಬ್ಬಿಸಿ ಗೋಡೆಗೆ ನಿಲ್ಲಿಸಿದ ಕೂಡಲೇ ಅದಕ್ಕೆ ಎರಡೂ ಬಂದಿದ್ದವು. ಅವ್ವ ಕಾಲಿನ ಕಡೆಗೆ ಬಿದ್ದಿದ್ದಳು. ಅತ್ತೆ ಒಳಗೆ ಕುರ್ಚಿಯ ಮೇಲೆಯೇ ನಮಾಜಿಗೆ ಕೂತಿದ್ದಳು. ಶಾಹೀನ ಹಸಿರು ತುಂಡುಗಳನ್ನೆಲ್ಲ ಕಿತ್ತು ಮೇಲೆ ಹಚ್ಚಿದಳು, ಮಾವನ ಅಂಗಿಗಳನ್ನು ಕೆಳಗಿಳಿಸಿದಳು.

ನೂರಜಹಾನ ಹೊರಗೆ ಬಂದಳು, ನೋಡಿದಳು, ಸೂಜಿಯ ಡಬ್ಬಿ ಮುಚ್ಚಿಟ್ಟಳು. ಶನಿವಾರ ಹೊಲಿಯಲಿಲ್ಲ. ರವಿವಾರವೂ ಇಲ್ಲ. “ಬೋರ್ಡ ಸರಿ ಆಗಿಲ್ಲೇನು?” ಎಂದು ಜಾಕೀರ ಕೇಳಿದರೆ, “ಬೋರ್ಡ ಛಲೋ ಐತಿ,” ಎಂದಳು, ಅಷ್ಟೇ. ಮಾತು ಬೆಳ್ಳಿ, ಮೌನ ಬಂಗಾರ ಎಂದ ಪುಣ್ಯಾತ್ಮರು ಅತ್ತೆ ಸೊಸೆ ಇರುವ ಮನೆಯಲ್ಲಿ ನಾಲ್ಕು ದಿನ ಇದ್ದು ನೋಡಬೇಕಿತ್ತು.

ಮಂಗಳವಾರ ಶಾಹೀನ ತಡೆಯಲಾರದೆ ಕೇಳಿಬಿಟ್ಟಳು. “ಅತ್ತಿ, ನಮ್ಮವ್ವನ ಸೀರಿ ಮ್ಯಾಲ ಬಂತು ಅಂತ ಸೂಜಿ ಮುಟ್ಟವಲ್ರೇನ್ರಿ?”

“ಹಂಗ್ಯಾಕ ಅಂತಿ?”

“ಮತ್ತೇನ್ರಿ? ಆಕಿ ಕಾಲಾಗ ಬಿದ್ದಿದ್ರ ಇಷ್ಟೊತ್ತಿಗೆ ಅರ್ಧ ಹೊಲಿದಿರತಿದ್ರಿ.”

ನೂರಜಹಾನ ಬೋರ್ಡಿನ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ಕಾಲಿನ ಮಾತು ಅವಳಿಗೆ ಹೊಳೆದೇ ಇರಲಿಲ್ಲ.

“ಕಾಲಾಗ ಯಾರ ಇಟ್ಟಾರವಾ?” ಎಂದಳು. “ಮೊದಲನೇ ತುಂಡು ನಿಮ್ಮವ್ವಂದ ಆಗಲಿ ಅಂತ ಬಿಸ್ಮಿಲ್ಲಾ ಅಂದು ಹಚ್ಚಿದ್ನಿ. ಕುರ್ಚಿ ಮ್ಯಾಲ ಕುಂತ್ರ ನನ್ನ ಕೈ ಹೋಗೂದು ಅಲ್ಲೀಮಟ ಅಷ್ಟ. ಮ್ಯಾಲಿನವು ಜಾಕೀರ ಹಚ್ಚ್ಯಾನ.”

ಶಾಹೀನ ಕತ್ತೆತ್ತಿ ಮೇಲಿನ ಹಸಿರು ಸಾಲು ನೋಡಿದಳು.

“ಮೊದಲ ಹಚ್ಚಿದ ತುಂಡಿನಿಂದನ ಹೊಲಿಗಿ ಸುರು ಮಾಡಬೇಕು, ನಮ್ಮ ಮನಿ ರೀತಿ ಅದು. ನೀ ಅದನ್ನ ಮ್ಯಾಲ ಏರಿಸಿದಿ. ನಿಮ್ಮವ್ವನ ಸೀರಿಗೆ ನನ್ನ ಕೈ ಹತ್ತೂದು ನಿನಗ ಬ್ಯಾಡಾಗೈತಿ ಅಂತ ತಿಳಕೊಂಡ್ನಿ. ಕೇಳಾಕ ಧೈರ್ಯ ಆಗಲಿಲ್ಲ.”

ಶಾಹೀನಳಿಗೆ ನಾಚಿಕೆಯಾಯಿತು. ತುಂಡುಗಳನ್ನು ಒಂದೊಂದಾಗಿ ಇಳಿಸುವಷ್ಟು ತಾಳ್ಮೆ ಉಳಿದಿರಲಿಲ್ಲ. ಬೋರ್ಡನ್ನೇ ಎರಡೂ ಕೈಯಲ್ಲಿ ಎತ್ತಿ, ತಲೆಕೆಳಗು ಮಾಡಿ, ಅತ್ತೆಯ ಕುರ್ಚಿಯ ಮುಂದೆ ತಂದು ನಿಲ್ಲಿಸಿದಳು.

ಗಂಡನ ಅಂಗಿಗಳು ಕೈಗೆ ನಿಲುಕದಷ್ಟು ಮೇಲೆ ಹೋದವು. ನೂರಜಹಾನ ಅತ್ತ ನೋಡಲೂ ಇಲ್ಲ. ಬೀಗಿತಿಯ ಸೀರೆಯ ತುಂಡನ್ನು ಉಡಿಯೊಳಗೆ ಎಳೆದುಕೊಂಡು, ದಾರ ಪೋಣಿಸಲು ಸೂಜಿಯನ್ನು ಸೊಸೆಯ ಕೈಗೆ ಕೊಟ್ಟಳು.