ಮಾವನ ಕ್ಯಾಮೆರಾ ವಾಚು

ಬೆಳಿಗ್ಗೆ ನಾಳೆಯ ಫೋಟೋ ತೆಗೆಯದೆ ನಮ್ಮಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಫೋನಿನ ಕ್ಯಾಮೆರಾ ಹಿಡಿಯುವುದು ಎದುರಿಗಿರುವ ಜಾಗ ನಾಳೆ ಹೇಗಿರುತ್ತದೋ ಅದನ್ನು. ಅದರಲ್ಲಿ ಕಾಣದವರು ಅವತ್ತು ಮನೆಬಿಟ್ಟು ಕದಲಬಾರದು. ಕದಲಿದವರು ಯಾರೂ ತಿರುಗಿ ಬಂದಿಲ್ಲ.

ಇವತ್ತು ನನ್ನ ಫೋನಿನಲ್ಲಿ ಗಂಡ ವಿರೂಪಾಕ್ಷಿ ಕೂತಿದ್ದ ಕುರ್ಚಿ ಖಾಲಿಯಿತ್ತು. ಫೋನನ್ನು ಅವನ ಮುಂದೆ ಹಿಡಿದೆ.

"ನಿನ್ನ ದರಿದ್ರ ಫೋನ್ ಕೆಟ್ಟಿದೆ," ಎಂದು ರೇಗಿ, ಅವನು ತೀರಿಹೋದ ಅಪ್ಪನ ಹಳೆಯ ಡಿಜಿಟಲ್ ವಾಚಿಗೆ ಸೆಲ್ ಹಾಕಿದ. ಅದರಲ್ಲೂ ಕ್ಯಾಮೆರಾ ಇತ್ತು. ನಾನು ಅವನತ್ತ ಹಿಡಿದು ಗುಂಡಿ ಒತ್ತಿದೆ. ಉಗುರಿನಷ್ಟು ಪರದೆಯಲ್ಲಿ ಹಲ್ಲು ಕಿರಿದುಕೊಂಡು ಕೂತಿದ್ದ.

"ನೋಡು, ಇದೀನಲ್ಲ!" ಎಂದು ಹೊರಟೇಬಿಟ್ಟ. ನನಗೂ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಸ್ನಾನ ಮುಗಿಸಿ ಬಂದ ಅತ್ತೆ ವಾಚು ನೋಡಿ ನಕ್ಕರು. "ಇದನ್ಯಾಕೆ ತೆಗೆದ್ರಿ? ಆ ಕಾಲದ ಕ್ಯಾಮೆರಾಗೆ ನಾಳೆ ಎಲ್ಲಿ ಕಾಣ್ತಿತ್ತು? ಆ ಗಳಿಗೆ ಎದುರಿಗಿದ್ದದ್ದನ್ನಷ್ಟೇ ಹಿಡೀತಿತ್ತು."

ಕೆಳಗೆ ಅವನ ಬೈಕು ಸ್ಟಾರ್ಟ್ ಆಗಿ, ಗೇಟು ದಾಟಿತು.