ಹೊಸ್ತಿಲ ಮೇಲಿನ ತಗಡು

ಉಷಾ ಮುಂಬಾಗಿಲು ತೆರೆದರೆ ಹೊಸ್ತಿಲು ಹಳದಿಯಾಗಿತ್ತು. ಎರಡು ತುದಿಗೂ ಕುಂಕುಮದ ಬೊಟ್ಟು, ನಡುವೆ ಒಂದು ಸೇವಂತಿಗೆ. ಊರಿಂದ ಬಂದು ಹತ್ತು ದಿನವಾಗಿದ್ದ ಅತ್ತೆ ಚೆನ್ನಮ್ಮ ಅರಿಸಿನದ ಕೈಯನ್ನು ಸೆರಗಿಗೆ ತಾಕದಂತೆ ಎತ್ತಿ ಹಿಡಿದು, ತಮ್ಮ ಕೆಲಸವನ್ನು ತಾವೇ ಮೆಚ್ಚುತ್ತ ನಿಂತಿದ್ದರು. ಗಂಟೆ ಹತ್ತೂವರೆ. ಹನ್ನೊಂದಕ್ಕೆ ಹಳೆಯ ಮನೆಗಳನ್ನು ಕಾಪಾಡುವ ಸಮಿತಿಯಿಂದ ಡೋರೀನ್ ಬರುವವಳಿದ್ದಳು.

"ಅತ್ತೆ, ಇದಕ್ಕೆ ಏನೂ ಹಚ್ಚಬಾರ್ದು, ಸ್ಟ್ರಿಕ್ಟ್ ರೂಲ್ಸ್ ಇದೆ ಅಂತ ಹೇಳಿದ್ನಲ್ಲ."

"ಪೇಂಟು ಹಚ್ಚಬಾರ್ದು ಅಂದಿದ್ದೆ ನೀನು. ಅರಿಸಿನ ಪೇಂಟೇನು? ಶುಕ್ರವಾರದ ದಿನ ಹೊಸ್ಲು ಬೋಳಾಗಿರ್ಬೇಕಾ?"

ಬ್ರ್ಯಾಂಪ್ಟನ್ನಿನ ಆ ಹೊಸ ಬಡಾವಣೆಯಲ್ಲಿ ಒಡೆಯದೆ ಉಳಿಸಿದ್ದ ಒಂದೇ ಒಂದು ತೋಟದ ಮನೆ ಅದು. ಜಾರ್ಜಿಯನ್ ಶೈಲಿಯ ಕೆಂಪು ಇಟ್ಟಿಗೆಯ ಕಟ್ಟಡ. ನೂರೆಂಬತ್ತು ವರ್ಷ ಹಳೆಯದು. ನಟ್ಟನಡುವೆ ಬಾಗಿಲು, ಆಚೆಗೆರಡು ಈಚೆಗೆರಡು ಕಿಟಕಿ, ಮೇಲೆ ಸಾಲಾಗಿ ಐದು, ಚಾವಣಿಯ ಎರಡು ತುದಿಗೂ ಹೊಗೆಗೂಡು. "ನಡುಬೈತಲೆ ತೆಗೆದು ಎರಡು ಜಡೆ ಎತ್ತಿ ಕಟ್ಟಿದ ಹುಡುಗಿ ಇದ್ದಂಗದೆ" ಎಂದು ಚೆನ್ನಮ್ಮ ಬಂದ ದಿನವೇ ಮನೆಯನ್ನು ಒಪ್ಪಿಕೊಂಡಿದ್ದರು. ಒಪ್ಪದೆ ಇದ್ದದ್ದು ಎಲ್ಲರೂ ಹಿತ್ತಲ ಬಾಗಿಲಿಂದ ಓಡಾಡುವುದನ್ನು. ಮನೆ ಮುಖ ಮಾಡಿದ್ದ ಹಳೆಯ ರಸ್ತೆ ಎಂದೋ ಇಲ್ಲವಾಗಿ, ಪಾಪ, ಅದೀಗ ನೆರೆಯವರ ಗ್ಯಾರೇಜನ್ನೇ ದಿಟ್ಟಿಸುತ್ತಿತ್ತು. ಅಮ್ಮನ ಕಾಟ ತಾಳದೆ ಉಷಾಳ ಗಂಡ ಹರ್ಷವರ್ಧನ್ ಸಮಿತಿಯನ್ನು ಕೇಳಿ, ಎಷ್ಟೋ ವರ್ಷದಿಂದ ಜಡಿದುಹೋಗಿದ್ದ ಮುಂಬಾಗಿಲನ್ನು ಕಳೆದ ಭಾನುವಾರವಷ್ಟೇ ಬಿಡಿಸಿದ್ದ. ಹೊಸ್ತಿಲಿಗೆ ಯಾವ ಕಾಲದಲ್ಲೋ ಬಡಿದಿದ್ದ ತಗಡನ್ನೂ ಕಿತ್ತಿದ್ದ. ಸಮಿತಿಯ ಷರತ್ತು ಒಂದೇ: ಅಡಿಯ ಮೂಲ ಮರಕ್ಕೆ ಯಾವ ಬಣ್ಣವೂ ಸೋಕಕೂಡದು. ಅದನ್ನು ನೋಡಿ ಡೋರೀನ್ ಸರಿ ಎಂದರೆ ಕಿಟಕಿಗಳ ರಿಪೇರಿಗೆ ಒಪ್ಪಿಗೆ. ಹೋದ ಚಳಿಗಾಲವೆಲ್ಲ ಗಾಜಿನ ಸಂದಿಯಿಂದ ಗಾಳಿ ನುಗ್ಗಿ, ಎಂಟು ವರ್ಷದ ಮಗಳು ನಿಧಿ ಉಣ್ಣೆ ಟೋಪಿ ಹಾಕಿಕೊಂಡೇ ಮಲಗಿದ್ದಳು. ಈಗಾಗಲೇ ಅಕ್ಟೋಬರ್ ಬಂದಿತ್ತು.

ಉಷಾ ಬಟ್ಟೆ ಸೋಪು, ಬ್ರಷ್ಷು ತಂದು ಮಂಡಿಯೂರಿ ಉಜ್ಜಿದಳು. ನೊರೆ ಎದ್ದಿತು, ಹಳದಿ ಹೋಗುವ ಬದಲು ರಕ್ತಗೆಂಪಾಯಿತು. ಅರಿಸಿನಕ್ಕೆ ಸೋಪು ತಾಕಿದರೆ ಏನಾಗುತ್ತದೆಂದು ಹಬ್ಬದ ಮರುದಿನ ಬಟ್ಟೆ ಒಗೆದವರಿಗೆಲ್ಲ ಗೊತ್ತು. ಅವಳಿಗೂ ಗೊತ್ತಿತ್ತು, ಗಾಬರಿಯಲ್ಲಿ ಮರೆತಿದ್ದಳು.

"ನಾನು ಎರಡೇ ಬೊಟ್ಟು ಕುಂಕುಮ ಇಟ್ಟಿದ್ದೆ, ನೀನು ಹೊಸ್ಲಿಗೆಲ್ಲ ಹಚ್ಚಿ ಮುಗಿಸ್ದೆ" ಎಂದರು ಚೆನ್ನಮ್ಮ.

ನೀರು ಸುರಿದು ಸುರಿದು ಒರೆಸುವಷ್ಟರಲ್ಲಿ ಡೋರೀನ್ ಬಂದೇಬಿಟ್ಟಳು. ಎಪ್ಪತ್ತು ದಾಟಿದ ತೆಳ್ಳನೆಯ ಹೆಂಗಸು, ಕೊರಳಲ್ಲಿ ಅಳತೆಯ ಟೇಪು. ಉಷಾ ಬ್ರಷ್ಷನ್ನು ಬೆನ್ನ ಹಿಂದೆ ಬಚ್ಚಿಟ್ಟು ಕ್ಷಮೆ ಕೇಳಲು ಶುರುಮಾಡಿದಳು. ಡೋರೀನ್ ಕೇಳಿಸಿಕೊಳ್ಳಲಿಲ್ಲ. ಹೊಸ್ತಿಲ ಎಡತುದಿಗೆ ಬಗ್ಗಿ, ಕನ್ನಡಕ ಏರಿಸಿ, ಒದ್ದೆ ನೆಲದ ಮೇಲೇ ಕುಳಿತುಬಿಟ್ಟಳು.

ಮರದ ಮೇಲಿನ ಕೆಂಪು ಬಹುಪಾಲು ಹೋಗಿತ್ತು. ಆದರೆ ಕೂದಲೆಳೆಯಷ್ಟು ಸಣ್ಣ ಗೀರುಗಳೊಳಗೆ ಇಳಿದ ಅರಿಸಿನ ಅಲ್ಲೇ ಉಳಿದು, ಅಂಗೈಯಗಲದ ಒಂದು ಹೂವು ಎದ್ದು ಕಾಣುತ್ತಿತ್ತು. ಒಂದು ದುಂಡು ಗೆರೆ, ಅದರೊಳಗೆ ಆರು ಎಸಳು.

ಇಂಥದ್ದನ್ನು ಎಲ್ಲೋ ಎರಡು ಹಳೆಯ ಕೊಟ್ಟಿಗೆಗಳಲ್ಲಿ ಬಿಟ್ಟರೆ ನೋಡಿಲ್ಲ ಎಂದಳು ಡೋರೀನ್. ಮೊದಮೊದಲು ಇಲ್ಲಿಗೆ ಬಂದು ನೆಲೆಸಿದವರು ಕೆಟ್ಟದ್ದು ಒಳಗೆ ಬಾರದಿರಲೆಂದು ಕೈವಾರದಿಂದ ಬಾಗಿಲ ಬಳಿ ಗೀರುತ್ತಿದ್ದ ಹೂವಂತೆ. ಮೂವತ್ತು ವರ್ಷದಿಂದ ಈ ಮನೆಯನ್ನು ಬಲ್ಲ ಅವಳಿಗೂ ತಗಡಿನ ಕೆಳಗೆ ಇದು ಇದ್ದದ್ದು ಗೊತ್ತಿರಲಿಲ್ಲ. ಯಾರಿಗೆ ಸಿಕ್ಕಿತು ಎಂದು ತಲೆಯೆತ್ತಿ ಕೇಳಿದಳು. ಇಂಗ್ಲಿಷ್ ಬಾರದ ಚೆನ್ನಮ್ಮ, ಯಾವುದಕ್ಕೂ ಇರಲಿ ಎಂದು ಹಳದಿ ಕೈಯನ್ನು ಇನ್ನಷ್ಟು ಮೇಲೆತ್ತಿದರು.

ಕಿಟಕಿಗಳಿಗೆ ಅಲ್ಲೇ ಒಪ್ಪಿಗೆಯಾಯಿತು. ಕಾಗದದಲ್ಲಿ ಡೋರೀನ್ ಒಂದು ಷರತ್ತು ಸೇರಿಸಿದಳು: ಈ ಹೊಸ್ತಿಲನ್ನು ಇನ್ನು ಯಾರೂ ಸೋಪು ಹಾಕಿ ಉಜ್ಜಕೂಡದು. ಅರಿಸಿನದ ಬಗ್ಗೆ ಏನೂ ಬರೆಯಲಿಲ್ಲ.

ಉಷಾ ಎಲ್ಲವನ್ನೂ ಅತ್ತೆಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಚೆನ್ನಮ್ಮ ಬಗ್ಗಿ ಆರೂ ಎಸಳನ್ನು ಬೆರಳಲ್ಲಿ ಎಣಿಸಿದರು.

"ಹಂಗಾದ್ರೆ ನನಗಿಂತ ಮುಂಚೆನೂ ಈ ಮನೇಲಿ ಒಬ್ಳು ಅತ್ತೆ ಇದ್ಳು ಅನ್ನು" ಎಂದರು. ಆಮೇಲೆ ಮೂಲೆಗೆ ಒರಗಿಸಿದ್ದ ತಗಡಿನತ್ತ ನೋಡಿ, "ಅದನ್ನ ಹೊಡೆಸಿದ್ದು ಅವಳ ಸೊಸೆ."