ಟಾಲಕ್‌ನ ತಪಾಸಣೆ

"ಈ ಹಾಲ್‌ನಲ್ಲಿ ಅಪಾಯ ಏನೂ ಇಲ್ಲ ತಾನೆ?"

ಹಸ್ತಾಕ್ಷರದ ಸಾಲಿನಲ್ಲಿ ಮುಂದೆ ಬಂದ ಹೆಂಗಸು ಮೊದಲು ಕೇಳಿದ್ದೇ ಇದು. ಸಹಿ ಹಾಕಿಸಲು ಅವಳ ಕೈಯಲ್ಲಿ ಫೋಟೊ ಇರಲಿಲ್ಲ, ಏನೂ ಇರಲಿಲ್ಲ. ಬೆರಳುಗಳು ಕೋಟಿನ ಗುಂಡಿಯನ್ನು ತಿರುಚುತ್ತಲೇ ಇದ್ದವು. ಪಕ್ಕದಲ್ಲಿ ನಿಂತಿದ್ದ ಅವಳ ಅಕ್ಕ ಸಂಕೋಚದಿಂದ ನೆಲ ನೋಡಿದಳು.

ನಟ ಗ್ವಿಲಿಮ್ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ವೇಷದೊಳಗೆ ಬೆವರುತ್ತ ನಿಂತಿದ್ದ. 'ಮೊರ್ವೆನಾ' ಧಾರಾವಾಹಿಯ ಅಂತರಿಕ್ಷ ನೌಕೆಯಲ್ಲಿ ಅವನು ಟಾಲಕ್, ರೋಬೋ ಭದ್ರತಾಧಿಕಾರಿ, ಸಂಶಯದ ಪಿಶಾಚಿ. ನೌಕೆಗೆ ಯಾರೇ ಹೊಸಬರು ಬರಲಿ, ಟಾಲಕ್‌ನ ಕಣ್ಣಿಗೆ ಅವರು ಶತ್ರುಗಳ ಗೂಢಚಾರರು. ಅಡುಗೆಕೋಣೆಯ ಕೆಟಲ್ ಶಿಳ್ಳೆ ಹೊಡೆಯಿತೆಂದು, ಯಾರಿಗೋ ಸಂಕೇತ ಕೊಡುತ್ತಿದೆಯೆಂದು, ಅದನ್ನೂ ಬಂಧಿಸಿದವನು. ಸ್ವಾನ್ಸಿ ಪಟ್ಟಣದಲ್ಲಿ ಅವನನ್ನು ನೋಡಿ ನಗದ ಮನೆಯಿಲ್ಲ. ಒಳಗಿರುವ ಗ್ವಿಲಿಮ್‌ನ ಮುಖ ಮಾತ್ರ ಯಾರಿಗೂ ಗೊತ್ತಿಲ್ಲ. ಒಂದೇ ತಮಾಷೆ ಹಳಸಿಹೋಯಿತು, ಮುಂದಿನ ವರ್ಷದ ಕಂತುಗಳಲ್ಲಿ ಟಾಲಕ್ ಇರುವುದಿಲ್ಲ ಎಂದು ಚಾನೆಲ್‌ನವರು ನಿನ್ನೆ ಫೋನಿನಲ್ಲಿ ಹೇಳಿ ಮುಗಿಸಿದ್ದರು. ಈ ಅಭಿಮಾನಿಗಳ ಮೇಳ ಒಂದು ಮುಗಿದರೆ ಸಾಕಾಗಿತ್ತು ಅವನಿಗೆ.

"ಟಾಲಕ್ ಇರೋವಾಗ ಯಾವ ಅಪಾಯ ಮೇಡಂ?" ಮೇಳದ ವ್ಯವಸ್ಥಾಪಕ ಹೆವಿನ್ ನಕ್ಕ. "ಆರಾಮಾಗಿರಿ."

"ನೋಡು ನೆಸ್ಟಾ, ಅವರೇ ಹೇಳಿದ್ರಲ್ಲ," ಎಂದಳು ಅಕ್ಕ.

"ನಾನು ಅವರನ್ನ ಕೇಳ್ಲಿಲ್ಲ ಅಕ್ಕ. ಇವರನ್ನ ಕೇಳ್ದೆ."

ಕಣ್ಣಿನ ಕಿಂಡಿಯಿಂದ ಗ್ವಿಲಿಮ್ ಅವಳನ್ನು ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. ಇಷ್ಟು ವರ್ಷ ಕತ್ತು ಕೊಂಕಿಸಿ, ತೋಳು ಬಿಗಿದು ತಾನು ನಟಿಸುತ್ತ ಬಂದ ಅಂಜಿಕೆ ಇಲ್ಲಿ ನಿಜವಾಗಿ, ಕೈಗೆಟಕುವಷ್ಟು ಹತ್ತಿರ ನಿಂತಿತ್ತು.

"ನಂಗೆ ಈ ಹಾಲ್ ಮೇಲೆ ನಂಬಿಕೆ ಇಲ್ಲ," ಎಂದ, ಟಾಲಕ್‌ನ ಗೊಗ್ಗರು ದನಿಯಲ್ಲಿ. "ಇನ್ನೂ ತಪಾಸಣೆ ಆಗಿಲ್ಲ. ಬನ್ನಿ, ಇಬ್ರೂ ಸೇರಿ ನೋಡೋಣ."

"ಗ್ವಿಲಿಮ್, ಸಾಲು ಎಷ್ಟುದ್ದ ಇದೆ ನೋಡೋ ಮಾರಾಯ," ಹೆವಿನ್ ಪಿಸುಗುಟ್ಟಿದ.

"ನೋಡ್ದೆ. ಅದರಲ್ಲಿ ಒಬ್ಬರ ಮುಖಾನೂ ಸರಿಯಿಲ್ಲ."

ಸಾಲಿನವರು ಗೊಳ್ಳೆಂದು ನಕ್ಕು ದಾರಿ ಬಿಟ್ಟರು. ಇಬ್ಬರೂ ಪರದೆ ಸರಿಸಿ ನೋಡಿದರು, ವೇದಿಕೆಯ ಕೆಳಗೆ ಬಗ್ಗಿ ನೋಡಿದರು. ನೆಸ್ಟಾ ಬೆರಳು ತೋರಿಸಿದ ಕಡೆಯೆಲ್ಲ ಟಾಲಕ್ ಹೋದ. ಎಲ್ಲಿಯೂ ಅವಸರ ಮಾಡಲಿಲ್ಲ, ಎಲ್ಲಿಯೂ ನಗಲಿಲ್ಲ. ಕೊನೆಗೆ ಅವಳು ಅವನನ್ನು ಹಿಂಬದಿಗೆ ಕರೆದೊಯ್ದಳು. ಬೆಂಕಿ ಬಿದ್ದರೆ ಜನ ಓಡಬೇಕಾದ ಬಾಗಿಲಿಗೆ ಅಡ್ಡವಾಗಿ ಆಳೆತ್ತರ ಪೆಟ್ಟಿಗೆ ಪೇರಿಸಿದ್ದರು. ಒಂದನ್ನು ತೆರೆದರೆ ಒಳಗೆಲ್ಲ ಮಾರಾಟಕ್ಕಿಟ್ಟ ಅಂಗೈಯಗಲದ ಟಾಲಕ್ ಗೊಂಬೆಗಳು.

"ಒಳಗೆ ಬರುವಾಗ್ಲೇ ಕಂಡಿತ್ತು," ಎಂದಳು ನೆಸ್ಟಾ. "ಹೇಳಿದ್ರೆ ನಗ್ತಾರೆ ಅಂತ ಸುಮ್ನಿದ್ದೆ."

ಹಿಂದೆಯೇ ಬಂದಿದ್ದ ಹೆವಿನ್ ಈಗ ನಗಲಿಲ್ಲ. ಕಿವಿಯವರೆಗೆ ಕೆಂಪಾಗಿ, ತಾನೇ ಒಂದೊಂದು ಪೆಟ್ಟಿಗೆಯನ್ನೂ ಎತ್ತಿ ಆಚೆಗಿಟ್ಟ.

ಬಾಗಿಲು ಸಲೀಸಾಗಿ ತೆರೆಯುತ್ತದೋ ಎಂದು ನೆಸ್ಟಾ ತಳ್ಳಿ ತಳ್ಳಿ ನೋಡುತ್ತಿದ್ದಾಗ ಅಕ್ಕ ಎಲಿನೆಡ್ ಗ್ವಿಲಿಮ್‌ನ ಬಳಿ ಬಂದಳು. "ಹಿಂದೆ ಒಂದು ಬಸ್ಸು ಮಗುಚಿಬಿದ್ದಿತ್ತು, ಅದರಲ್ಲಿದ್ಲು ಇವಳು. ಆಮೇಲೆ ಮನೆ ಬಿಟ್ಟು ಹೊರಗೆ ಬಂದಿದ್ದೇ ಇಲ್ಲ. 'ಏನೂ ಇಲ್ಲ ಸುಮ್ನಿರೇ' ಅಂತ ನಾನು ಬೈತಿದ್ದೆ. ಒಂದಿನ ನಿಮ್ಮ ಸೀರಿಯಲ್ ನೋಡ್ತಾ ಕೂತಿದ್ವಿ. ಟಾಲಕ್‌ನ ಎಲ್ರೂ ಗೇಲಿ ಮಾಡ್ತಾರೆ, ಆದ್ರೆ ಆ ಕ್ಯಾಪ್ಟನ್ ಇದಾಳಲ್ಲ, ಪ್ರತಿ ಸಲಾನೂ ಎದ್ದು ಅವನ ಜೊತೆ ಹೋಗಿ ನೋಡ್ಕೊಂಡು ಬರ್ತಾಳೆ. ಅವತ್ತಿಂದ ನಾನೂ ಹೋಗೋಕೆ ಶುರು ಮಾಡ್ದೆ. ಮೊದ್ಲು ಮೆಟ್ಟಿಲವರೆಗೆ. ಆಮೇಲೆ ಹಿತ್ತಲು, ಬೀದಿ. ಇವತ್ತು ಇಲ್ಲಿಗೆ ಬಂದ್ವಿ."

ಗ್ವಿಲಿಮ್‌ಗೆ ಕಣ್ಣೊರೆಸಿಕೊಳ್ಳಬೇಕಿತ್ತು. ಟಾಲಕ್‌ನ ತಲೆಯೊಳಗೆ ಕೈ ಹೋಗುವಂತಿರಲಿಲ್ಲ. ಅವನು ಆ ತಲೆಯನ್ನೇ ಕಳಚಿ ಕಂಕುಳಲ್ಲಿಟ್ಟುಕೊಂಡ. ಬಾಗಿಲಿನಿಂದ ತಿರುಗಿದ ನೆಸ್ಟಾಗೆ ಅಲ್ಲಿ ಕಂಡದ್ದು ಬೆಂದ ಬೀಟ್‌ರೂಟಿನಂಥ ಮುಖದ, ಅರೆಬೋಳು ತಲೆಯ ನಡುವಯಸ್ಸಿನ ಅಪರಿಚಿತ. ಅವಳು ಒಂದು ಹೆಜ್ಜೆ ಹಿಂದಿಟ್ಟಳು.

"ನಿಮ್ಮ ಹತ್ರ ಸುಳ್ಳು ಹೇಳೋಕೆ ಮನಸ್ಸಾಗ್ತಿಲ್ಲಮ್ಮ," ಎಂದ ಗ್ವಿಲಿಮ್ ತನ್ನದೇ ದನಿಯಲ್ಲಿ. "ಟಾಲಕ್‌ನ ತೆಗೆದುಬಿಟ್ರು. ಮುಂದಿನ ವರ್ಷದಿಂದ ಅವನು ಇರಲ್ಲ."

ನೆಸ್ಟಾ ಅವನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದಳು.

"ಯಾರು, ಆ ಚಾನೆಲ್‌ನವರಾ? ನಂಗೆ ಅವರ ಮೇಲೆ ಮೊದಲಿಂದ್ಲೂ ಅನುಮಾನ."

ಎಲಿನೆಡ್ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ತಡೆಯಲಾಗಲಿಲ್ಲ. ನೆಸ್ಟಾಳ ತುಟಿಯ ಕೊನೆಯೂ ಅರಳಿತು, ಗ್ವಿಲಿಮ್ ಗಹಗಹಿಸಿ ನಕ್ಕ.

"ಒಳಗೆ ಬೆಂದುಹೋಗಿದೀರಲ್ರೀ," ಎಂದಳು ನೆಸ್ಟಾ. "ಹೋಗಿ ಒಂದು ಕಪ್ ಟೀ ಕುಡಿದು ಬನ್ನಿ. ಅಕ್ಕ, ನೀನೂ ಹೋಗು. ಅಲ್ಲಿವರೆಗೆ ಇಲ್ಲಿ ನಾನು ನೋಡ್ಕೋತೀನಿ."

ಗೋಡೆಗೆ ಬೆನ್ನು ಕೊಟ್ಟು ಅವಳು ಬಾಗಿಲ ಪಕ್ಕ ನಿಂತಳು. ಮತ್ತೊಂದು ಪೆಟ್ಟಿಗೆ ಹೊತ್ತು ಆ ಕಡೆಗೆ ಬರುತ್ತಿದ್ದ ಹುಡುಗಿಯೊಬ್ಬಳಿಗೆ ಅವಳು ಅಂಗೈ ಅಡ್ಡ ಚಾಚಿದಳು: "ನಿಲ್ಲಮ್ಮ. ಅದರಲ್ಲೇನಿದೆ?"